ನಿನ್ನ ದ್ವೀಪದ ನೀರು, ವಿಮಾನ ನಗರದ ಚಹಾ

ಚಿಂಚವಾಡ, ಪುಣೆ
೨೧ ಏಪ್ರಿಲ್, ಸೋಮವಾರ

ಪ್ರೀತಿಯ ರೇಣು,

ನಿನ್ನ ಕೆಮ್ಮು ಹೇಗಿದೆ? ಇಂಜಿನ್ ಮನೆಯ ಹೊಗೆ ಕುಡಿದು ಬಂದ ಕೆಮ್ಮು ಅದು, ಬಿಸಿನೀರಿಗೆ ಹೋಗುವುದಿಲ್ಲ, ಡಾಕ್ಟರಿಗೆ ತೋರಿಸು. ನಾನು ಆರಾಮ ಇದ್ದೇನೆ. ಬಿ.ಪಿ. ಮಾತ್ರ ನಿನ್ನೆಯಿಂದ ಏರಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ದ್ವೀಪದ ಫೋನು ನಾನು ಸಿಟ್ಟಿನ ಮಾತಿಗೆ ಬರುವಷ್ಟರಲ್ಲಿ ಕಟ್ಟಾಗುತ್ತದೆ. ಉಳಿದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ನಿಮ್ಮವ್ವನೂ ಇಲ್ಲ. ಅದಕ್ಕೇ ಈ ಪತ್ರ. ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್ ಅಂತ ಬರೆಯಲು ಕಾಲೇಜಿನಲ್ಲಿ ಕಲಿಸಿದ್ದರು. ಸಬ್ಜೆಕ್ಟು ಏನೆಂದರೆ ನಿನ್ನ ಮದುವೆ.

ನಿಶ್ಚಯದ ತಾರೀಖು ಗೊತ್ತುಮಾಡಲೆಂದು ನಿನ್ನೆ ವಿಮಾನ ನಗರಕ್ಕೆ, ಶಿವರಾಜನ ಮನೆಗೆ ಹೋಗಿದ್ದೆ. ನೀನು ಹೇಳಿದ್ದನ್ನು ಅವರಿಗೆ ಮೊದಲೇ ಮುಟ್ಟಿಸಿದ್ದೆನಲ್ಲ: ಮಳೆಗಾಲ ಮುಗಿದು, ನಿನ್ನ ಜಾಗಕ್ಕೆ ಇನ್ನೊಬ್ಬರು ಬರುವವರೆಗೆ ನೀನು ದ್ವೀಪ ಬಿಡುವುದಿಲ್ಲ, ಮದುವೆ ದೀಪಾವಳಿ ಆದ ಮೇಲೆ. ಆಗ ಎಲ್ಲರೂ ಹೂಂ ಅಂದಿದ್ದರು. ನಿನ್ನೆ ಹುಡುಗನ ತಾಯಿ ಉಮಾವತಿಯವರು ಚಹಾದ ಕಪ್ಪು-ಬಶಿ ನನ್ನ ಕೈಗಿಟ್ಟು, "ಅಣ್ಣಾವ್ರ, ಮೇ ತಿಂಗಳದಾಗ ಲಗ್ನ ಮುಗಿಸಿಬಿಡೂಣ್ರಿ. ಅಲ್ಲಿ ಹುಡುಗಿ ಮಾಡೂದರ ಏನದ? ಡೀಸೆಲ್ ಇಂಜಿನ್ನಿಗೆ ಎಣ್ಣಿ ಬಿಡೂದು. ನೌಕರಿ ಬಿಟ್ಟು ಬಾ ಅನ್ರಿ" ಅಂದರು. ಅಷ್ಟಕ್ಕೇ ನಿಲ್ಲಲಿಲ್ಲ. "ಗ್ಯಾಸ್ ಸಿಲಿಂಡರ್ ಸೈತ ಹಡಗದಾಗ ಬರೂ ಊರಂತ! ಅಂಥಲ್ಲಿದ್ದಾಕಿಗೆ ನಮ್ಮ ಮನಿ ಸ್ವರ್ಗ ಕಂಡಂಗ ಆಗ್ತದ ಬಿಡ್ರಿ." ಅವರ ಯಜಮಾನರು ನಕ್ಕರು. ನಿನ್ನ ಶಿವರಾಜ ಮೊಬೈಲು ತಿಕ್ಕುತ್ತ ಕುಳಿತಿದ್ದ. ಅವನಿಗೊಂದು ಹಾಕಬೇಕೆನ್ನಿಸಿತು.

ಅಷ್ಟರಲ್ಲಿ ಉಮಾವತಿಯವರಿಗೆ ಫೋನ್ ಬಂತು. ನೀರಿನ ಟ್ಯಾಂಕರಿನವನು. ಯಾವಾಗ ಬರುತ್ತೀಯಪ್ಪಾ ಅಂತ ಇವರು ಮರಾಠಿಯಲ್ಲಿ ಕೇಳಿದರು: "ದಾದಾ, ಕಧೀ ಯೇಣಾರ? ಸಕಾಳಪಾಸೂನ ಪಾಣೀ ನಾಹೀ!" ಬೆಳಗಿನಿಂದ ಆ ಸ್ವರ್ಗದ ನಳಕ್ಕೆ ನೀರಿಲ್ಲ ನೋಡು. ದನಿಯಲ್ಲಿ ಎಷ್ಟು ಮೆತ್ತಗಿನ ವಿನಯ ಅಂತೀ, ಅವನಿಗೆ ಕೈಮುಗಿಯುವುದೊಂದು ಬಾಕಿ. ನನ್ನ ತಲೆ ಕೆಟ್ಟಿತು. ನಿಮ್ಮವ್ವ ಇದ್ದಿದ್ದರೆ ಅಂಗಿ ಹಿಡಿದು ಕೂರಿಸುತ್ತಿದ್ದಳು, ಆಮೇಲೆ ನನಗಿಂತ ಜಾಸ್ತಿ ಆಕೆಯೇ ಅವರನ್ನು ಬಯ್ಯುತ್ತಿದ್ದಳು. "ಬಾಯಾರ, ನಿಮ್ಮ ನೀರು ಎಲ್ಲಿಂದ ಬರ್ತದ ಅಂತ ನಿಮಗ ಗೊತ್ತಿಲ್ಲ, ಟ್ಯಾಂಕರಿನವಗ ಗೊತ್ತು. ನನ್ನ ಮಗಳು ಊರಿಗೆ ಊರಽ ಕುಡಿಯೂ ನೀರು ಮಾಡ್ತಾಳ" ಅಂದೆ. ನೀನು ಹೇಳಿಕೊಟ್ಟದ್ದನ್ನೆಲ್ಲ ಒದರಿದೆ. ಸಮುದ್ರದ ಮೇಲಿನ ಬೆಚ್ಚನೆಯ ನೀರನ್ನು ಗಾಳಿ ಹೀರಿ ತೆಗೆದ ಟ್ಯಾಂಕಿನಲ್ಲಿ ಒಲೆಯಿಲ್ಲದೆ ಆವಿ ಮಾಡುವುದು, ಆಳದಿಂದ ಉದ್ದನೆಯ ಪೈಪಿನಲ್ಲಿ ತಣ್ಣೀರೆಳೆದು ಆ ಆವಿಯನ್ನು ಸಿಹಿನೀರಾಗಿ ಇಳಿಸುವುದು. ಎಳೆಯಲು ಕರೆಂಟು ಬೇಕು, ಕರೆಂಟಿಗೆ ಇಂಜಿನ್, ಇಂಜಿನ್ನಿಗೆ ಡೀಸೆಲ್, ಡೀಸೆಲ್ಲಿಗೆ ಹಡಗು. ಸೋಲಾರ್ ಇದೆ, ಆದರೆ ಮೋಡ ಕವಿದರೆ ಅದರದ್ದು ಏನೂ ನಡೆಯುವುದಿಲ್ಲ. ಮಳೆಗಾಲದಲ್ಲಿ ಹಡಗನ್ನೂ ನಂಬುವಂತಿಲ್ಲ, ಡೀಸೆಲ್ಲು, ಸಿಲಿಂಡರು ಎಲ್ಲ ಮೊದಲೇ ಕೂಡಿಡಬೇಕು. ಅಂಥ ಹೊತ್ತಿನಲ್ಲಿ ಇಂಜಿನ್ ಕೆಟ್ಟರೆ ಮೆಕ್ಯಾನಿಕ್ಕು ರಿಕ್ಷಾ ಹತ್ತಿ ಬರುವುದಿಲ್ಲ, ಜನ ಉಪ್ಪುಬಾವಿಯ ನೀರು ಕುಡಿಯಬೇಕು. ಅದನ್ನು ಬಿಟ್ಟು ಬಾ ಅಂತ ನಾನು ಯಾವ ಬಾಯಿಂದ ಹೇಳಲಿ? ಆವಿ ಇಳಿಸುವ ಯಂತ್ರದ ಹೆಸರು ಮಾತ್ರ ಸಮಯಕ್ಕೆ ಬರಲಿಲ್ಲ, ಕಂಡೆನ್ಸರ್ ಅನ್ನುವ ಬದಲು ಕಂಡಕ್ಟರ್ ಅಂದೆನೇನೋ. ಪಿ.ಯು.ಸಿ.ಯಲ್ಲಿ ಬಾಯಿಪಾಠ ಮಾಡಿದ ಪ್ರಬಂಧವೊಂದಿತ್ತು, ಎದ್ದು ನಿಂತು "ಡಿಗ್ನಿಟಿ ಆಫ್ ಲೇಬರ್ ಈಸ್ ದಿ..." ಅಂತ ಶುರುಮಾಡಿದೆ. ಮುಂದಿನದು ಹಾಳಾಗಿ ಹೋಗಲಿ, ಬರಲಿಲ್ಲ. ಚಹಾ ಕುಡಿಯದೆ ಟೇಬಲ್ ಮೇಲಿಟ್ಟು ಬಂದುಬಿಟ್ಟೆ. ಮಾತುಕತೆಗೆ ಹೋದವನು ಚಹಾ ಬಿಟ್ಟು ಎದ್ದರೆ ನಮ್ಮ ಮಂದಿಯಲ್ಲಿ ಸಂಬಂಧ ಬೇಡ ಅಂತಲೇ ಅರ್ಥ, ಅವರಿಗೂ ಗೊತ್ತು, ನಿನಗೂ ಗೊತ್ತು.

ನಿನ್ನ ಮೇಲೂ ಸಿಟ್ಟಿದೆ, ನಗಬೇಡ. ಹುಡುಗನ ಜೊತೆ ಮಾತಾಡಿದ ಮೇಲೆ ಹೇಗಿದ್ದಾನೆ ಅಂತ ಕೇಳಿದರೆ "ನೀವು ಹ್ಯಾಂಗಂತೀರಿ ಹಂಗ, ಅಪ್ಪಾ" ಅಂತ ಜಾರಿಕೊಂಡೆ. ಅಷ್ಟು ದೊಡ್ಡ ಇಂಜಿನ್ನಿನ ಸಪ್ಪಳ ಕೇಳಿಯೇ ರೋಗ ಹೇಳುವವಳಿಗೆ ತನಗೊಬ್ಬ ಗಂಡ ಬೇಕೋ ಬೇಡವೋ ಹೇಳಲು ಬರುವುದಿಲ್ಲವೇ? ಅವನು ನಿನ್ನ ಮನಸ್ಸಿಗೆ ಬಂದಿದ್ದರೆ, ಚಹಾ ಬಿಟ್ಟು ಬಂದವನು ನಾನು, ನನ್ನನ್ನು ಬೈ. ಬರದಿದ್ದರೆ ಅದನ್ನಾದರೂ ಹೇಳು, ಬಿ.ಪಿ. ಇಳಿಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನೂ ಆ ನಿನ್ನ ಇಂಜಿನ್ನುಗಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ರಾಮಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಶಿವರಾಜ ಬಂದ. "ಕಾಕಾ, ರೇಣು ಬರೂತನ ನಾ ಕಾಯ್ತೀನ್ರಿ" ಅಂದ. "ನಿನ್ನೆ ಬಾಯಾಗ ಏನ್ ಇಟ್ಕೊಂಡಿದ್ದಿ? ನನ್ನ ಮುಂದಲ್ಲ, ನಿಮ್ಮವ್ವನ ಮುಂದ ಹೇಳ್ ಹೋಗು" ಅಂತ ಕೂರಿಸದೆ ಕಳಿಸಿದೆ. ಹೇಳುತ್ತಾನೋ ಇಲ್ಲವೋ ಅಂತ ಲಕೋಟೆ ಹಾಗೇ ಇಟ್ಟುಕೊಂಡು ಕುಳಿತೆ. ಈಗಷ್ಟೇ ಉಮಾವತಿಯವರು ಫೋನ್ ಮಾಡಿ, "ನನ್ನ ಮಗನ ತಲಿ ಕೆಡಿಸಿದವರು ನೀವಽ" ಅಂತ ಬಾಯಿಗೆ ಬಂದಂತೆ ಬೈದರು. ಹೇಳಿದ್ದಾನೆ, ರೇಣು! ಇನ್ನು ನನ್ನನ್ನು ಕೇಳಬೇಡ. ಹೂಂ ಅನ್ನುತ್ತೀಯೋ ಉಹೂಂ ಅನ್ನುತ್ತೀಯೋ, ಅವನಿಗೆ ನೀನೇ ಹೇಳು.