ಚಿಕ್ಕನಂಜಮ್ಮನ ಹೆಸರಿನಲ್ಲಿ

ಪೂರಿಗಾಲಿ, ಮಳವಳ್ಳಿ ತಾಲ್ಲೂಕು
೧೭–೨–೧೯೪೬, ಭಾನುವಾರ

ಪ್ರೀತಿಯ ಅವ್ವನಿಗೆ, ನಿನ್ನ ಮಗಳು ಹೊಂಬಾಳೆ ಕಾಲಿಗೆ ಬಿದ್ದು ಬರೆಯುವುದು. ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿನೋವು ಈ ಚಳಿಯಲ್ಲಿ ಹೆಚ್ಚಿತೋ ಏನೋ ಎಂದು ಯೋಚನೆ.

ಜವರಯ್ಯಮಾವನ ಕೈಯಲ್ಲಿ ನೀನು ಬರೆಸಿದ ಕಾಗದ ಮೊನ್ನೆ ಸಿಕ್ಕಿತು. ಇದನ್ನೂ ಅವರೇ ಓದಿ ಹೇಳುತ್ತಾರೆಂದು ಬಲ್ಲೆ. ಮಾವ, ಯಾವ ಸಾಲನ್ನೂ ನುಂಗದೆ, ನಮ್ಮ ಬಸರಾಳಿನ ನಾಲ್ಕು ಮನೆಗೆ ಕೇಳುವ ಹಾಗೆ ಓದಿ.

ಅವ್ವ, ನೀನು ಕೇಳಿದ್ದು ನಿಜ. ಕೆಳಗಿನ ಬೀದಿಯ ಚಿಕ್ಕನಂಜಮ್ಮನ ಮನೆಯೊಳಗೆ ಕೂತು ಅವಳ ಜೊತೆ ರಾಗಿ ಬೀಸಿದ್ದೇನೆ. ಅವಳು ಇಟ್ಟ ಮುದ್ದೆ, ಉಪ್ಪೆಸರು ಉಂಡಿದ್ದೇನೆ. ಅದಕ್ಕೆ ನಾನು ಬಾಡಿಗೆಗಿದ್ದ ಮೇಲಿನ ಬೀದಿಯ ಮನೆಯವರು ನನ್ನ ಪಾತ್ರೆಗಳನ್ನು ಹೊರಗಿಟ್ಟದ್ದೂ ನಿಜ. ಈಗ ಸ್ಕೂಲಿನ ಹಿಂದಿನ ಕೊಠಡಿಯಲ್ಲಿದ್ದೇನೆ. ಬಾವಿ ದೂರ, ಉಳಿದಂತೆ ಏನೂ ಕಡಿಮೆಯಿಲ್ಲ. ಆದರೆ ಯಾಕೆ ಹಾಗೆ ಮಾಡಿದೆ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಇಲ್ಲಿಗೆ ಹಿಟ್ಟಿನ ಮಿಲ್ಲು ಬಂತು. ಹೆಂಗಸರೆಲ್ಲ ರಾಗಿ ಹೊತ್ತು ಅಲ್ಲಿಗೆ ನಡೆದರು. ಬೀಸುವ ಕಲ್ಲು ಮೂಲೆ ಸೇರಿತು, ಬೀಸುವಾಗ ಹಾಡುತ್ತಿದ್ದ ಪದಗಳೂ ನಿಂತವು. ನನ್ನ ಕ್ಲಾಸಿನ ಹುಡುಗಿಯರಲ್ಲಿ ಒಬ್ಬಳಿಗೂ ಒಂದು ಪದ ಪೂರ್ತಿ ಬಾರದು. ಊರಲ್ಲಿ ಹೆಚ್ಚು ಬಲ್ಲವಳು ಚಿಕ್ಕನಂಜಮ್ಮ ಎಂದು ತಿಳಿದು ನೋಟುಬುಕ್ಕು ಹಿಡಿದು ಹೋದೆ. ಅವಳು ನಕ್ಕುಬಿಟ್ಟಳು.

“ಮಿಲ್ಲು ಬಂದು ನನ್ ರಟ್ಟೆ ಉಳೀತು ಕಣ್ರವ್ವ. ನಿಮ್ಗ್ಯಾಕೆ ಅಳು?” ಎಂದಳು. ಪದ ಹೇಳೆಂದರೆ, “ಕಲ್ಲು ತಿರುಗ್ದೆ ಬಾಯ್ಗೆ ಬರಾಕಿಲ್ಲ” ಎಂದಳು.

ಸರಿ, ಅವಳ ಎದುರು ಕಲ್ಲಿನ ಗೂಟ ಹಿಡಿದು ನಾನೇ ಕೂತೆ. ಒಂದು ಪದ ಮುಗಿದರೆ ಕೈ ಒರೆಸಿಕೊಂಡು ಬರೆಯುವುದು, ಓದಿ ಹೇಳುವುದು, ಅವಳು ತಿದ್ದುವುದು. ನಾನು ಅಭ್ಯಾಸದಿಂದ ‘ಹೂವು’ ಎಂದು ಓದಿದರೆ ಅವಳು ಒಪ್ಪುತ್ತಿರಲಿಲ್ಲ. “ನಾ ಊವು ಅಂದೆ. ನನ್ ಬಾಯ್ಲಿ ಬಂದಂಗೇ ಬರಿ” ಎನ್ನುವಳು. ಹನ್ನೊಂದು ತಿಂಗಳ ಭಾನುವಾರಗಳಲ್ಲಿ ನೂರ ಹದಿಮೂರು ಪದಗಳಾದವು. ಕೂಸು ತೀರಿಕೊಂಡಾಗ ಅವಳು ಕಟ್ಟಿದ್ದ ಒಂದನ್ನು ಮಾತ್ರ, “ಅದು ನಂದು, ಬರೀಬ್ಯಾಡ” ಎಂದಳು. ಬರೆಯಲಿಲ್ಲ.

ಇನ್ನು ನಿನ್ನ ಅಳಿಯನ ವಿಷಯ. ಮಕ್ಕಳಾಗಲಿಲ್ಲವೆಂದು ನನ್ನನ್ನು ನಿನ್ನ ಬಾಗಿಲಲ್ಲಿ ಬಿಟ್ಟು ಹೋದವರು ಈಗ ಮೈಸೂರಿನಲ್ಲಿ ಪಂಡಿತ ಕರಿಯಪ್ಪನವರೆಂದು ಹೆಸರು ಮಾಡಿದ್ದಾರೆ. ಹೇಗೋ ಮೂರು ಪದಗಳು ಅವರ ಕೈ ಸೇರಿ, ದೀಪಾವಳಿಯ ಹೊತ್ತಿಗೆ ಒಂದು ಪತ್ರಿಕೆಯಲ್ಲಿ ಅಚ್ಚಾದವು. ಅವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಚಿಕ್ಕನಂಜಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವುಗಳಲ್ಲಿ ಒಂದನ್ನು ಅವಳು ಹೇಳಿದ್ದು ಹೀಗೆ:

ಒಡೇನ ಗದ್ದೇಲಿ ನಡ ಬಗ್ಗಿ ದುಡಿದೇನು
ಕುಡಿಯಾಕೆ ಗಂಜಿ ಕೊಡನಿಲ್ಲ – ರಾಗಿಕಲ್ಲೆ
ನುಡಿ ನೀನು ನನ್ನ ಕಡೆಯಾಗಿ

ಅಚ್ಚಿನಲ್ಲಿ ನಡುವಿನ ಸಾಲು ‘ಕುಡಿಯಲು ಹಾಲ ಕೊಟ್ಟಾನು’ ಎಂದಾಗಿತ್ತು. ಅವಳಿಗೆ ಓದಿ ಹೇಳಿದೆ. “ಯಾವ ಒಡೆಯ ಆಲು ಕೊಟ್ಟ? ಇಷ್ಟು ವರ್ಸದಲ್ಲಿ ನಾ ಕಾಣ್ನಿಲ್ವಲ್ಲ” ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ, ಪದಗಳ ಪುಸ್ತಕ ಮಾಡುತ್ತೇನೆಂದು, ಮೈಸೂರಿನಿಂದ ಅವರೇ ಒಬ್ಬ ಫೋಟೋದವನನ್ನು ಕರೆದುಕೊಂಡು ಬಂದರು. ಚಿಕ್ಕನಂಜಮ್ಮನ ಕಲ್ಲನ್ನು ಬೆಳಕಿರಲೆಂದು ಬೀದಿಗೆ ತರಿಸಿದರು. ಎರಡು ಬೀದಿಯ ಜನವೂ ಸೇರಿತು. ಅವಳು ಕಲ್ಲಿನ ಮುಂದೆ ಕೂತಳು, ಗೂಟ ಮುಟ್ಟಲಿಲ್ಲ.

“ಹಾಡಮ್ಮ” ಎಂದರು ಇವರು.

“ಬುಕ್ಕಲ್ಲಿ ನನ್ನೆಸ್ರು ಅದಾ ಬುದ್ಧಿ?”

“ಜನರ ಪದಕ್ಕೆ ಯಾರ ಹೆಸರೂ ಇರುವುದಿಲ್ಲ. ಅದು ಎಲ್ಲರದು.”

“ಪದಕ್ಕಿಲ್ದಿದ್ರೆ ಬುಡಿ. ನಂಗದೆ. ಚಿಕ್ಕನಂಜಮ್ಮ ಅಂತ. ನಂಗೆ ಕಲಿಸ್ದೋಳ್ಗೂ ಇತ್ತು, ಪಟ್ಟಲಮ್ಮ ಅಂತ. ನಮ್ಮತ್ತೆ. ನಮ್ಮೆಸ್ರು ಆಕದೆ ಪದ ಕೊಡಾಕಿಲ್ಲ.”

ಮೇಲಿನ ಬೀದಿಯ ಒಬ್ಬರು ಗದರಿದರು. ಅವಳು ಎದ್ದು, ಸೆರಗು ಬಿಗಿದು, ಕಲ್ಲನ್ನು ಒಳಗಿಡಲು ಗಂಡ ಕರಿಸಿದ್ದಯ್ಯನನ್ನು ಕರೆದಳು. ಆ ಕಲ್ಲಿನ ಒಂದು ಕಡೆ ನಾನು ಹಿಡಿದೆ ಅವ್ವ. ಎಲ್ಲರೆದುರಿಗೆ. ನಿನ್ನ ಕಿವಿಗೆ ಬಿದ್ದ ಸುದ್ದಿ ಇದೇ ಇರಬೇಕು.

ಬಸ್ಸು ಹತ್ತುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. ನೋಟುಬುಕ್ಕು ತಂದರೆ ಮೈಸೂರಿನ ಮನೆಗೆ ಸೇರಿಸಿಕೊಳ್ಳುತ್ತೇನೆ, ಬೇರೆಯವರ ಹೆಸರಲ್ಲಿ ಅಚ್ಚಾದರೆ ಬಾಗಿಲು ಮುಚ್ಚಿತೆಂದು ತಿಳಿ ಎಂದರು. ನಾಲ್ಕು ವರ್ಷದಿಂದ ಆ ಕರೆಗೆ ಕಾದಿದ್ದೆ. ಅದು ಬಂದಾಗ, ಇವರು ನನ್ನನ್ನು ಕರೆಯುತ್ತಿಲ್ಲ, ನೋಟುಬುಕ್ಕನ್ನು ಕರೆಯುತ್ತಿದ್ದಾರೆ ಅನಿಸಿತು. ಆಗುವುದಿಲ್ಲವೆಂದೆ.

ಅವರು ನಿನಗೂ ಹೇಳಿಕಳಿಸಿದ್ದಾರೆಂದು ಕಾಣುತ್ತದೆ. ಈಗ ನೀನು, ನೋಟುಬುಕ್ಕು ಕೊಟ್ಟು ಕ್ಷಮೆ ಕೇಳಿ ಗಂಡನ ಮನೆ ಸೇರು ಎಂದು ಬರೆಸಿದ್ದೀಯೆ. ನನ್ನದಲ್ಲದ ಪದಗಳನ್ನು ಕೊಟ್ಟು ನಾನು ಮನೆ ಕೊಳ್ಳಲಾರೆ. ಮೂರು ಪ್ರತಿ ಬರೆದು ಮುಗಿಸಿದ್ದೇನೆ. ಒಂದು ಚಿಕ್ಕನಂಜಮ್ಮನ ಮನೆಯಲ್ಲಿದೆ, ಒಂದು ಸ್ಕೂಲಿನಲ್ಲಿದೆ, ಒಂದು ಮಂಡ್ಯಕ್ಕೆ ಹೋಗಿದೆ. ಯುದ್ಧದಿಂದಾಗಿ ಅಚ್ಚಿನ ಕಾಗದಕ್ಕೆ ಅಭಾವ, ಸಿಕ್ಕಿದೊಡನೆ ಅಚ್ಚು ಹಾಕುತ್ತೇವೆಂದು ಪ್ರೆಸ್ಸಿನವರು ಒಪ್ಪಿದ್ದಾರೆ. ಮೇಲೆ ‘ಪೂರಿಗಾಲಿಯ ಚಿಕ್ಕನಂಜಮ್ಮ ಹೇಳಿದ ಪದಗಳು’ ಎಂದಿರುತ್ತದೆ. ಪ್ರತಿ ಪದದ ಕೆಳಗೆ ಅದನ್ನು ಅವಳಿಗೆ ಕಲಿಸಿದವರ ಹೆಸರು. ಕೊನೆಯಲ್ಲಿ, ಬರೆದುಕೊಂಡವಳು ಎಂದು ನನ್ನದು.

ನನ್ನನ್ನು ವರ್ಗ ಮಾಡಿಸುತ್ತೇವೆಂದು ಮೇಲಿನ ಬೀದಿಯಲ್ಲಿ ಮಾತಾಡುತ್ತಿದ್ದಾರಂತೆ. ಮಾಡಿಸಲಿ. ಹೋದ ಊರಲ್ಲೂ ಕಲ್ಲು ಇರುತ್ತದೆ, ಪದ ಬಲ್ಲವರು ಇರುತ್ತಾರೆ.

ನೀನು ಬೈದರೂ ನಿನ್ನ ಮಗಳೇ ಆಗಿರುವ,
ಹೊಂಬಾಳಮ್ಮ

ಮುಗಿಸಿದ ಮೇಲೆ ಬರೆದದ್ದು: ಮೂರು ಪದ ‘ಹೇಗೋ’ ಅವರ ಕೈ ಸೇರಿದವು ಎಂದು ಬರೆದೆ. ಅದು ಸುಳ್ಳು. ಕಳಿಸಿದವಳು ನಾನೇ, ಚಿಕ್ಕನಂಜಮ್ಮನನ್ನು ಕೇಳದೆ. ನೋಡಿ ಮೆಚ್ಚಿ, ಬಾ ಎಂದು ಕರೆಯುತ್ತಾರೇನೋ ಎಂಬ ಆಸೆಗೆ. ನಿನ್ನೆ ಅವಳ ಮುಂದೆ ಒಪ್ಪಿಕೊಂಡೆ. ಅವಳು ಒಲೆಯಿಂದ ಮುಖ ತಿರುಗಿಸದೆ, “ಅವತ್ತೇ ಗೊತ್ತಿತ್ತು ಕಣವ್ವ. ಬರ್ಕಂಡೋಳು ನೀನೊಬ್ಳೆ ತಾನೆ?” ಎಂದಳು. ಮತ್ತೆ ಯಾಕೆ ಪದ ಹೇಳುತ್ತಾ ಹೋದೆ ಎಂದು ಕೇಳಿದೆ. “ತಪ್ಪು ಮಾಡ್ದೋಳ ಕೈಲೇ ನೆಟ್ಗೆ ಬರೆಸ್ಬೇಕು ಅಂತ” ಎಂದಳು.