ಒಂದೂವರೆ ಇಂಚು ಹೆಚ್ಚಿನ ಗಂಡ

ಜನವರಿ 6, ಬೆಳಿಗ್ಗೆ

ಮತ್ತೆ ಅರ್ಧ ಇಂಚು ಇಳಿದಿದೆ. ಬಾಗಿಲ ಕಡೆಯ ಮುಂದಿನ ಜಾಕು. ನಿನ್ನೆ ಸಂಜೆ ಬಂಪರಿನಿಂದ ನೆಲಕ್ಕೆ ಇಪ್ಪತ್ತೆರಡು. ಈಗ ಇಪ್ಪತ್ತೊಂದೂವರೆ. ಕೌದಿ ಹೊಲಿಯುವ ಟೇಪು, ಸುಳ್ಳು ಹೇಳುವುದಿಲ್ಲ. ಒಂಬತ್ತು ಟನ್ನಿನ ಮೋಟರ್‌ಹೋಮು, ಒಳಗೆ ನಾವಿಬ್ಬರು, ನಮ್ಮ ಮಂಚ, ಒಲೆ, ಫ್ರಿಜ್ಜು — ಎಲ್ಲ ಸಮ ನಿಂತಿರುವುದು ಎಣ್ಣೆಯ ಒತ್ತಡದಲ್ಲಿ ಏರಿಳಿಯುವ ನಾಲ್ಕು ಜಾಕಿನ ದಯೆಯಿಂದ.

ಡೆಲ್ಬರ್ಟ್‌ಗೆ ಹೇಳಿದೆ. ಕಾಫಿಯಿಂದ ಮುಖ ಎತ್ತಲಿಲ್ಲ.

"ಮರಳು ಕಣೇ. ಮರಳು ಕೂರುತ್ತೆ."

"ಮರಳು ಕೂತ್ರೆ ನಾಲ್ಕೂ ಇಳೀಬೇಕು. ಇದೊಂದೇ ಯಾಕೆ?"

"ಆರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು ನಂಗೆ ಹೈಡ್ರಾಲಿಕ್ ಪಾಠ ಹೇಳ್ತಾಳೆ!"

ಐದನೇ ಕ್ಲಾಸು. ಐವತ್ತೊಂದು ವರ್ಷ ಸಂಸಾರ ಮಾಡಿದರೂ ಅದು ಗೊತ್ತಿಲ್ಲ ಮಹಾನುಭಾವನಿಗೆ.

ಜನವರಿ 7

ಆಯಿಲ್ ಕಪ್ಪಾಗಿದೆಯಂತೆ. ಭಾನುವಾರ ಬದಲಾಯಿಸುತ್ತಾನಂತೆ. ತಾನೇ. ಮೂವತ್ತೆಂಟು ವರ್ಷ ಲಾರಿ ಓಡಿಸಿದವನ ಇಂಜಿನ್ನಿಗೆ ಬೇರೆಯವರು ಕೈ ಹಚ್ಚಬಾರದು. ಜಾಕು ಒತ್ತಿ ಮುಂದಿನ ಗಾಲಿ ನೆಲ ಬಿಡುವಷ್ಟು ಎತ್ತುವುದು, ಬೆನ್ನ ಮೇಲೆ ಮಲಗಿ ಕೆಳಗೆ ಜಾರುವುದು. ಈ ಬಯಲಿನಲ್ಲಿ ಚಳಿಗಾಲ ಕಳೆಯುವ ಮುದುಕರೆಲ್ಲ ಹಾಗೇ ಮಾಡುವುದು. ಪ್ರತಿ ವರ್ಷವೂ ಮಾಡಿದ್ದಾನೆ, ನಿಜ. ಆದರೆ ಹೋದ ವರ್ಷದ ಹೊಟ್ಟೆ ಬೇರೆ, ಈ ವರ್ಷದ್ದು ಬೇರೆ. ಜಾಕೂ ಬೇರೆ.

ಜನವರಿ 8, ಮಧ್ಯಾಹ್ನ

ಪಕ್ಕದ ಗಾಡಿಯ ರಾಸ್ಕೋ ಬೀನ್ಸ್ ಬೇಯಿಸುತ್ತಿದ್ದ. ಢಬ್ ಎಂದು ಸದ್ದು. ಓಡಿ ನೋಡಿದರೆ ಅವನ ಮನೆಯ ಒಂದು ಮೂಲೆ ಕುಂತುಬಿಟ್ಟಿದೆ. ಜಾಕಿನ ಪೈಪು ಒಡೆದಿದೆ. ಮಣ್ಣಿನ ಮೇಲೆ ಎಣ್ಣೆ. ಬೀನ್ಸ್ ಎಲ್ಲ ನೆಲಕ್ಕೆ. ಒಂದು ಸೀನು ಸೀನುವಷ್ಟೂ ಹೊತ್ತು ಹಿಡಿದಿಲ್ಲ.

ರಾಸ್ಕೋ ನಗುತ್ತ ನಿಂತಿದ್ದ. ಒಳಗೆ ಕಾಲಿಡಲು ಮಾತ್ರ ಒಪ್ಪಲಿಲ್ಲ.

"ನೋಡಿದ್ಯಾ?" ಅಂದೆ ನಮ್ಮವನಿಗೆ.

"ಅವಂದು ಹಳೇ ಗಾಡಿ."

ನಮ್ಮದು ಅದಕ್ಕಿಂತ ಎರಡು ವರ್ಷ ಹಳೆಯದು.

ಸಂಜೆ ಡ್ರಾಯರಿನಿಂದ ಗಾಡಿಯ ಪುಸ್ತಕ ತೆಗೆದೆ. ಹನ್ನೊಂದು ವರ್ಷದಲ್ಲಿ ಮಡಿಕೆ ಬಿಚ್ಚಿರಲಿಲ್ಲ. ಬೆರಳಿಟ್ಟು ಒಂದೊಂದೇ ಪದ ಓದಿದೆ. ಜಾಕು ಇರುವುದು ಗಾಡಿ ಸಮ ಮಾಡಲಿಕ್ಕೆ, ಅದರ ಮೇಲೆ ಎತ್ತಿಟ್ಟು ಯಾರೂ ಕೆಳಗೆ ಹೋಗಕೂಡದು. ಸುತ್ತ ದಪ್ಪ ಗೆರೆ ಎಳೆದು ಬರೆದಿದ್ದಾರೆ. ಗಟ್ಟಿಯಾಗಿ ಓದಿ ಹೇಳಿದೆ. ಟಿವಿ ಸದ್ದು ಜಾಸ್ತಿ ಮಾಡಿದ.

ಜನವರಿ 9

ಊಟ ಮಾಡಿ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಟೇಪು ತಂದು ಅಳೆದೆ. ಬೆನ್ನಿನಿಂದ ಹೊಟ್ಟೆಯ ತುದಿಗೆ ಹನ್ನೊಂದೂವರೆ ಇಂಚು.

ಜಾಕಿನ ಕಾಲು ಒಳಗೆಳೆದು, ಗಾಡಿ ಬರೀ ಗಾಲಿಯ ಮೇಲೆ ನಿಂತಾಗ ಕೆಳಗಿನ ಅಡ್ಡ ತೊಲೆಗೂ ನೆಲಕ್ಕೂ ಹತ್ತು.

ಎರಡನ್ನೂ ಬರೆದು ನೋಡುತ್ತ ಕೂತೆ. ಒಂದೂವರೆ ಇಂಚು ಗಂಡ ಹೆಚ್ಚು.

ಗಾಡಿಯ ಕೀಲಿ ಅಂಗಿಯೊಳಗೆ, ಎದೆಯ ಹತ್ತಿರ ಇಟ್ಟುಕೊಂಡೆ. ಕೀಲಿ ಇಲ್ಲದೆ ಜಾಕು ಅಲ್ಲಾಡುವುದಿಲ್ಲ.

ಜನವರಿ 11, ಭಾನುವಾರ

ಇವತ್ತು ಅಕ್ಷರ ಸೊಟ್ಟ.

ಬಟ್ಟೆ ಒಗೆಯಲು ಪೇಟೆಗೆ ಹೋಗಿದ್ದೆ, ಚಿಕ್ಕ ಕಾರಿನಲ್ಲಿ. ಕೀಲಿ ನನ್ನ ಎದೆಯಲ್ಲೇ ಇತ್ತು. ಇನ್ನೊಂದು ಕೀಲಿ ಇದೆಯೆಂದು ಆ ಮುದುಕ ಈವರೆಗೆ ಬಾಯಿ ಬಿಟ್ಟಿರಲಿಲ್ಲ. ಬಂದು ನೋಡಿದರೆ ಗಾಡಿಯ ಮುಂಭಾಗ ಗಾಳಿಯಲ್ಲಿ. ಕೆಳಗಿನಿಂದ ಎರಡು ಬೂಟು.

ಕೂಗಲಿಲ್ಲ. ಬೆಚ್ಚಿ ಎದ್ದು ಏನಾದರೂ ಬಡಿದುಕೊಂಡರೆ? ಬೆಂಕಿಗೆಂದು ಇಟ್ಟಿದ್ದ ದಪ್ಪ ಕೊರಡು ಎರಡಿದ್ದವು. ಉರುಳಿಸಿಕೊಂಡು ಹೋಗಿ ಆ ಕೆಟ್ಟ ಜಾಕಿನ ಪಕ್ಕ ತೊಲೆಯ ಕೆಳಗೆ ತಳ್ಳಿದೆ. ನನ್ನ ತಲೆ ಒಳಗೆ ಹಾಕಲಿಲ್ಲ, ಕಾಲಿನಿಂದಲೇ. ಆಮೇಲೆ ಮೆಲ್ಲಗೆ ಕರೆದೆ.

"ಡೆಲ್ಬರ್ಟ್... ಚಿನ್ನ... ಸ್ವಲ್ಪ ಹೊರಗೆ ಬರ್ತೀಯಾ?"

ಬೂಟು ಗಕ್ಕನೆ ನಿಂತವು. ಮರುಕ್ಷಣ ಏಡಿಯ ಹಾಗೆ ಸರಸರ ಹೊರಗೆ ಬಂದ. ಮುಖ ಬಿಳಿಚಿಕೊಂಡಿತ್ತು.

"ಯಾರು ಸತ್ರು?"

"ಯಾರೂ ಇಲ್ಲ."

"ಮತ್ತೆ ಚಿನ್ನ ಅಂದೆ! ಹುಟ್ಟಿದಾಗಿಂದ ಅಂದಿಲ್ಲ!"

ಆಗ ಶುರುಮಾಡಿದೆ. ಅವನ ಅಪ್ಪನಿಂದ ಹಿಡಿದು ಬೂಟಿನವರೆಗೆ ಯಾರನ್ನೂ ಬಿಡಲಿಲ್ಲ. ಅವನೂ ಬಿಡಲಿಲ್ಲ. ಬೈದಾಟದ ನಡುವೆ ಲಟಕ್ ಎಂದಿತು. ಇಬ್ಬರೂ ತಿರುಗಿದೆವು. ಜಾಕು ತಾನಾಗಿ ಇಳಿದು, ತೊಲೆ ಕೊರಡಿನ ಮೇಲೆ ಕೂತಿತ್ತು. ತೊಗಟೆ ಪುಡಿಯಾಗಿ ಉದುರುತ್ತಿತ್ತು.

ಅವನು ಎರಡು ಹೆಜ್ಜೆ ಹಿಂದೆ ಸರಿದ. ನಾನೂ.

ಜನವರಿ 15

ನಾಲ್ಕು ದಿನ ಮಾತಿಲ್ಲ. ಉಪ್ಪು ಬೇಕಾದರೆ ಬೆರಳು ತೋರಿಸುತ್ತಾನೆ.

ಇವತ್ತು ತಾನೇ ರಾಸ್ಕೋ ಬಳಿ ಹೋಗಿ ದಪ್ಪ ಹಲಗೆ ಹೊತ್ತು ತಂದ. ಕೊಯ್ದ. ಒಂದರ ಮೇಲೆ ಒಂದು ಮೂರು ಹಲಗೆ, ಮೇಲಿನದು ಕೆಳಗಿನದಕ್ಕಿಂತ ಗಿಡ್ಡ — ಮೆಟ್ಟಿಲಿನ ಹಾಗೆ. ಎರಡು ಮುಂದಿನ ಗಾಲಿಗೂ ಒಂದೊಂದು. ಗಾಲಿ ಆಚೆ ಉರುಳಿ ಹೋಗದಂತೆ ತುದಿಗೆ ತಡೆ ಹೊಡೆದ. ಗಟ್ಟಿ ನೆಲ ಹುಡುಕಿ, ಜಾಕೆಲ್ಲ ಒಳಗೆಳೆದು, ಇಂಚಿಂಚೇ ಗಾಡಿ ಹತ್ತಿಸಿದ. ನಾನು ಪಕ್ಕದಲ್ಲಿ ನಿಂತು ಕೈ ತೋರಿಸಿದೆ. ಮುಂದೆ ನಿಲ್ಲಲಿಲ್ಲ. ಹ್ಯಾಂಡ್ ಬ್ರೇಕು. ಹಿಂದಿನ ಗಾಲಿಗಳ ಎರಡೂ ಬದಿಗೆ ಮರದ ತುಂಡು ಬಡಿದೆ. ಕೀಲಿಗಳು ನನಗೆ. ಎರಡೂ.

"ಈಗ ಸಮಾಧಾನಾನಾ?" ನಾಲ್ಕು ದಿನಕ್ಕೆ ಮೊದಲ ಮಾತು.

"ಬೆಳಿಗ್ಗೆ ತನಕ ಹಿಂಗೇ ನಿಲ್ಲಲಿ. ಆಮೇಲೆ ಹೇಳ್ತೀನಿ."

ತೊಲೆಯಿಂದ ನೆಲಕ್ಕೆ ಹದಿನಾಲ್ಕೂವರೆ.

ಜನವರಿ 16, ಬೆಳಿಗ್ಗೆ

ಹದಿನಾಲ್ಕೂವರೆ. ಕೂದಲಷ್ಟೂ ಇಳಿದಿಲ್ಲ.

ಇಂಜಿನ್ ಸ್ವಲ್ಪ ಬೆಚ್ಚಗೆ ಮಾಡಿ ಆರಿಸಿದ. ಹಳೇ ಅಂಗಿ ಹಾಕಿಕೊಂಡು ಬಂದ. ದಾರಿಗೆ ಅಡ್ಡ ನಿಂತೆ.

"ನೀನಲ್ಲ. ನಾನು."

"ತಲೆ ಕೆಟ್ಟಿದ್ಯಾ? ಎಪ್ಪತ್ತೆರಡು ವರ್ಷದ ಅಜ್ಜಿ ನೀನು!"

"ಎಂಟು ಇಂಚು ನಾನು. ನೀನು ಹನ್ನೊಂದೂವರೆ. ಹಲಗೆ ಜಾರಿ ಇದು ಕೆಳಗೆ ಕೂತ್ರೆ ಇರೋದು ಹತ್ತು. ಲೆಕ್ಕ ಮಾಡು, ದೊಡ್ಡ ಕ್ಲಾಸು ಓದಿದೋನು."

ಹೊಟ್ಟೆ ನೋಡಿಕೊಂಡು ಅಂಗಿ ಎಳೆದು ಮುಚ್ಚಿದ.

"ನನ್ನ ಯಾವಾಗ ಅಳೆದೆ?"

"ನೀನು ಗೊರಕೆ ಹೊಡೀವಾಗ."

ಅದೇ ದಿನ, ಹತ್ತೂ ಮುಕ್ಕಾಲು

ಒಂದು ಸಲ ಗಾಡಿಯ ಕೆಳಗೆ ಹೋಗಿ ಬಂದೆ. ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆಯಿಲ್ ಬಾಂಡಲೆಗೆ ಸುರಿಯುತ್ತಿದೆ. ಮೊಣಕೈವರೆಗೆ ಕಪ್ಪು.

ಮೂಗಿನ ಮೇಲೆ ಒಂಬತ್ತು ಟನ್ನು ಇದ್ದಾಗ ಉಸಿರಿನ ಸದ್ದು ದೊಡ್ಡದಾಗಿ ಕೇಳುತ್ತದೆ. ಹೊರಗೆ ಮಂಡಿಯೂರಿ ಅವನು ಒಂದೇ ಸಮನೆ — "ಬಲಕ್ಕೆ! ಅಲ್ಲ ಎಡಕ್ಕೆ! ನಿನ್ನ ಎಡ ಅಲ್ಲ!"

"ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗಿಯೋಕೆ ನಿನ್ನ ಕೇಳ್ತೀನಾ? ಬಾಯ್ಮುಚ್ಚು" ಅಂದೆ. ಆಯಿಲ್ ತಡೆಯುವ ಬೋಲ್ಟು ಬಿಟ್ಟುಕೊಂಡಿತು.

ಈಗ ಧಾರೆ ಹೋಗಿ ಹನಿ. ಇನ್ನೊಮ್ಮೆ ಒಳಗೆ ಹೋಗಿ ಬೋಲ್ಟು ಬಿಗಿಯಬೇಕು. ಡೆಲ್ಬರ್ಟ್ ನನ್ನ ಟೇಪು ಹಿಡಿದು ಅಳೆಯುತ್ತಿದ್ದಾನೆ. ಇದು ಐದನೇ ಸಲ. ಪ್ರತಿ ಸಲವೂ "ಹದಿನಾಲ್ಕೂವರೆ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. ರಾಸ್ಕೋ ಕೂಡ ಕಾಫಿ ಹಿಡಿದು ಬಂದು ನಿಂತಿದ್ದಾನೆ. ನಗುತ್ತಿಲ್ಲ.

"ತಾಳು, ಇನ್ನೊಂದ್ಸಲ ನೋಡ್ತೀನಿ" ಅಂದ ನಮ್ಮವ.

"ಅಳೆದಷ್ಟೂ ಬೆಳೆಯುತ್ತಾ ಅದು?"

"ನಿಧಾನ ಹೋಗು... ಚಿನ್ನ."

ಚಿನ್ನ ಅಂತೆ. ರಾಸ್ಕೋ ಎದುರಿಗೆ! ಹೊರಗೆ ನಿಂತು ಬೂಟು ನೋಡುವುದೆಂದರೆ ಏನೆಂದು ಈಗ ತಿಳಿದಿದೆ ಮುದುಕನಿಗೆ. ಬೋಲ್ಟು ಬಿಗಿದು ಬಂದ ಮೇಲೆ ಹೇಳಿಬಿಡುತ್ತೇನೆ, ಅವತ್ತು ಆ ಬೂಟು ನೋಡಿದಾಗ ನನಗೆ — ಹನಿ ನಿಂತಿತು, ಕರೆಯುತ್ತಿದ್ದಾನೆ, ಹೋಗಿ ಬರುತ್ತೇನೆ.