ಬ್ರೇಕಿನ ಮೇಲಿನ ಕಾಲು

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 2:10

ಕಾರಿನೊಳಗೆ. ಗಾಜು ಏರಿಸಿದ್ದೇನೆ. ಬೆವರು ಇಳಿಯುತ್ತಿದೆ, ಇಳಿಯಲಿ. ನಾಟಕದ ರಾಣಿಯ ಮಾತು ಇವತ್ತು ಹನ್ನೊಂದು ಸಲ ಆಯಿತು. ಏಳನೆಯ ಸಲ ಎಲ್ಲೂ ತಡವರಿಸಲಿಲ್ಲ. ಎಂಟನೆಯ ಸಲ ಮತ್ತೆ ‘ಕೋಟೆಯ ಬಾಗಿಲು’ ಹತ್ತಿರ ಮುಗ್ಗರಿಸಿದೆ.

ಮನೆಯಲ್ಲಿ ಜಾಗವಿಲ್ಲ. ಮುಂದಿನ ಕೋಣೆಯೇ ಅಪ್ಪನ ಡ್ರೈವಿಂಗ್ ಸ್ಕೂಲಿನ ಆಫೀಸು. ಅಮ್ಮ ಅಲ್ಲಿ ಫೋನ್ ಎತ್ತುತ್ತಾಳೆ, ಅರ್ಜಿ ತುಂಬಿಸುತ್ತಾಳೆ, ಸಿಗ್ನಲ್ ಚಾರ್ಟ್ ತೋರಿಸಿ ಬಂದವರ ತಲೆ ತಿನ್ನುತ್ತಾಳೆ. ಅವರ ಮಧ್ಯೆ ನಿಂತು ‘ಸೋತವಳೆಂದು ಯಾರು ಹೇಳಿದರು!’ ಎಂದು ಕೂಗುವುದು ಹೇಗೆ? ನಿಜವಾಗಿ ಟೆಸ್ಟ್‌ನಲ್ಲಿ ಫೇಲಾದವರು ಕೂತಿರುತ್ತಾರೆ, ಪಾಪ. ಆದ್ದರಿಂದ ಅಪ್ಪ ಮಲಗುವ ಒಂದು ಗಂಟೆ ಕಾರು ನನ್ನದು.

ಅಮ್ಮ ಈಗ ಗಾಜು ತಟ್ಟಿ ಹೋದಳು. “ಒಳಗೆ ಕೂತು ಮೀನಿನ ಥರ ಬಾಯ್ ಬಾಯ್ ಬಿಡ್ತಾಳೆ, ಏನಾಗಿದೆ ಅವಳಿಗೆ ಅಂತ ಪಕ್ಕದ್ಮನೆಯವ್ರು ಕೇಳಿದ್ರು ಕಣೇ. ಇಂಗ್ಲಿಷ್ ಕಲೀತಿದ್ದಾಳೆ ಅಂದೆ.”

ಆಡಿಶನ್‌ಗೆ ಇನ್ನು ನಲವತ್ತಾರು ದಿನ.

ಮಾರ್ಚ್ 5, ಗುರುವಾರ

ನಾಟಕ ಕಾಲೇಜಿನ ಅರ್ಜಿ. ಎಲ್ಲ ತುಂಬಿದೆ, ಒಂದು ಬಿಟ್ಟು — ‘ಹಿಂದಿನ ಅಭಿನಯದ ಅನುಭವ.’ ಐದು ಗೆರೆ ಬಿಟ್ಟಿದ್ದಾರೆ. ಐದು!

ನನ್ನ ಅನುಭವ ಇಷ್ಟೇ. ಎಂಟನೇ ತರಗತಿ, ಶಾಲೆಯ ನಾಟಕ, ದ್ವಾರಪಾಲಕ. ‘ಮಹಾರಾಜರು ಬರುತ್ತಿದ್ದಾರೆ’ — ಒಂದೇ ಮಾತು. ಹೇಳಿದೆ. ಮಹಾರಾಜರು ಬರಲಿಲ್ಲ. ಮಹಾರಾಜರು ಟಾಯ್ಲೆಟ್‌ನಲ್ಲಿದ್ದರು. ಮತ್ತೆ ಹೇಳಿದೆ. ಮೂರನೆಯ ಸಲ ಹೇಳುವಾಗ ಸಭೆಯೆಲ್ಲ ನಕ್ಕಿತು. ಅವಮಾನ ಆಗಬೇಕಿತ್ತು. ಆಗಲಿಲ್ಲ. ನಾಲ್ಕನೆಯ ಸಲವೂ ಹೇಳಬೇಕೆನ್ನಿಸಿತು. ಆವತ್ತಿನಿಂದ ಹತ್ತಿದ ಹುಚ್ಚು ಇದು, ಯಾರಿಗೂ ಹೇಳಿಲ್ಲ.

“ಮೂರು ಸಲ ಹೇಳಿದ್ಯಲ್ಲ, ಮೂರು ಪಾತ್ರ ಅಂತ ಬರಿ” ಎಂದಳು ಅಮ್ಮ.

ಒಂದೇ ಗೆರೆ ಬರೆದೆ. ನಾಲ್ಕು ಗೆರೆ ಖಾಲಿ. ಪೋಸ್ಟ್ ಮಾಡಿ ಬಂದೆ.

ಮಾರ್ಚ್ 11, ಬುಧವಾರ

ಅಪ್ಪನಿಗೆ ಹೇಳಿದೆ. ಊಟ ಮುಗಿಸಿದರು. ಕೈ ತೊಳೆದು ಬಂದು —

“ಪುಟ್ಟಿ, ಒಂದ್ ಸಲ ಹೋಗಿ ಬಾ. ಆಗ್ಲಿಲ್ವಾ, ಕಾಮರ್ಸು. ಆಮೇಲೆ ಈ ಮಾತು ಎತ್ಬಾರ್ದು.”

ಕಾಮರ್ಸ್ ಸೀಟು ಆಗಲೇ ಸಿಕ್ಕಿದೆ. ಎರಡು ಬೀದಿ ಆಚೆಯ ಕಾಲೇಜು. ಮೇ ಎಂಟರೊಳಗೆ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಕೊಟ್ಟರೆ ಖಾಯಂ. ಇಲ್ಲದಿದ್ದರೆ ಬೇರೆಯವರಿಗೆ.

ಅಪ್ಪ ಕೆಟ್ಟವರಲ್ಲ. ಕೆಲಸವೇ ಹಾಗೆ ಮಾಡಿಟ್ಟಿದೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಪ್ಪತ್ತೆರಡು ವರ್ಷದಿಂದ ಅಪ್ಪನ ಕಾಲು ಅದರ ಮೇಲೆ. ಸೋಫಾದಲ್ಲಿ ಕೂತು ಟಿವಿ ನೋಡುವಾಗಲೂ ಅಲ್ಲಿ ಯಾರಾದರೂ ಓಡಿದರೆ ನೆಲ ಒತ್ತುತ್ತಾರೆ.

ಅವರದೊಂದು ಪದ್ಧತಿ ಇದೆ. ಯಾರಾದರೂ ಚೆನ್ನಾಗಿ ಕಲಿತರು ಎನ್ನಿಸಿದ ದಿನ ಅಪ್ಪ ಎರಡೂ ಶೂ ಬಿಚ್ಚುತ್ತಾರೆ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಅಂದರೆ — ನನ್ನ ಕಾಲು ಬ್ರೇಕಿಗೆ ಎಟಕುವುದಿಲ್ಲ, ಇನ್ನು ನೀನುಂಟು, ರಸ್ತೆಯುಂಟು. ಬಾಯಲ್ಲಿ ಏನೂ ಹೇಳುವುದಿಲ್ಲ. ಕೆಲವರು ಅತ್ತದ್ದೂ ಇದೆ.

ನನಗೆ ಲೈಸೆನ್ಸ್ ಬಂದು ಒಂಬತ್ತು ತಿಂಗಳು. ನನ್ನ ಪಕ್ಕ ಕೂತಾಗ ಅಪ್ಪ ಇವತ್ತಿನವರೆಗೆ ಶೂ ಬಿಚ್ಚಿಲ್ಲ.

ಮಾರ್ಚ್ 24, ಮಂಗಳವಾರ. ಸಂಜೆ

ಲೈಬ್ರರಿ ಮೇಡಂ ಹತ್ತಿರ ಹೋಗಿದ್ದೆ. ರಾಣಿಯ ನಾಟಕದ ಪುಸ್ತಕ — ಮೇಲಿನ ರಟ್ಟು ಹರಿದು ಹೋದದ್ದು — ಕೊಟ್ಟವರು ಅವರೇ. ಹರೆಯದಲ್ಲಿ ಹತ್ತು ವರ್ಷ ನಾಟಕದ ತಂಡದಲ್ಲಿ ತಿರುಗಿದವರು. ಇವತ್ತು ಲೈಬ್ರರಿಗೆ ರಜೆ. ಒಳಗೆ ಬಿಟ್ಟುಕೊಂಡು, ಕುರ್ಚಿಗಳನ್ನೆಲ್ಲ ಸರಿಸಿ, “ಹೂಂ, ಶುರು ಮಾಡು” ಎಂದರು.

ಮಾಡಿದೆ. ಒಂದು ಪದ ತಪ್ಪಲಿಲ್ಲ. ಒಳಗೊಳಗೇ ಬೀಗಿದೆ.

ಮೇಡಂ ಒಂದು ಕುರ್ಚಿ ಎಳೆದುಕೊಂಡು ಕೂತರು.

“ಒಂದ್ ಕೇಳ್ಲಾ? ನಿನ್ ರಾಣಿ ಯಾಕೆ ಆಗಾಗ ಕಣ್ಣೆತ್ತಿ ಪಕ್ಕಕ್ಕೆ ನೋಡ್ತಾಳೆ?”

“ಎಲ್ಲಿ ಮೇಡಂ?”

“ಇಲ್ಲಿ.” ಹಣೆಯ ಮುಂದೆ, ಒಂದು ಬದಿಗೆ ಬೆರಳು ತೋರಿಸಿದರು. “ಮೂರು ಮಾತಿಗೊಂದ್ ಸಲ. ಮತ್ತೆ ಕೈಯೆರಡೂ ಎದೆ ಮುಂದೆ ಏನ್ ಹಿಡ್ಕೊಂಡಿವೆ? ಸೊಂಟದಿಂದ ಕೆಳಗಂತೂ ನೀನು ಇಲ್ವೇ ಇಲ್ಲ. ಎಲ್ಲಮ್ಮ ಪ್ರಾಕ್ಟೀಸ್ ಮಾಡ್ತೀಯ?”

ಹೇಳಿದೆ.

“ಕೂತ್ಕೊಂಡಾ?”

“ಹೂಂ.”

“ಬೆಲ್ಟ್ ಹಾಕ್ಕೊಂಡಾ?”

ಹಾಕಿಕೊಂಡೇ. ನಮ್ಮ ಮನೆಯಲ್ಲಿ ಕಾರಿನಲ್ಲಿ ಕೂತರೆ ಮೊದಲು ಬೆಲ್ಟ್. ಇಂಜಿನ್ ಆನ್ ಇರಲಿ, ಆಫ್ ಇರಲಿ. ಸೀಟು ಒರೆಸಲು ಹೋದರೂ ಕೈ ತಾನಾಗಿ ಬೆಲ್ಟಿಗೆ ಹೋಗುತ್ತದೆ. ಕೋಟೆ ಕಳೆದುಕೊಂಡ ರಾಣಿ ಎರಡು ತಿಂಗಳಿಂದ ಬೆಲ್ಟ್ ಕಟ್ಟಿಕೊಂಡು, ಸ್ಟೀರಿಂಗ್ ಹಿಡಿದು, ಹಿಂದೆ ಯಾವ ಗಾಡಿ ಬರುತ್ತಿದೆ ಎಂದು ಕನ್ನಡಿ ನೋಡುತ್ತಿದ್ದಾಳೆ.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನನಗೂ ಕಣ್ಣಲ್ಲಿ ನೀರು, ನಕ್ಕಿದ್ದಕ್ಕಲ್ಲ.

“ಅಳ್ಬೇಡ. ಮಾತು ಬಂದಿದೆ. ಇನ್ನು ಕಾಲು ಬರ್ಬೇಕು. ಅವಳು ಯುದ್ಧದಿಂದ ನಡ್ಕೊಂಡ್ ಬಂದೋಳು. ನೀನೂ ನಡಿ.”

ಮಾರ್ಚ್ 25

ಬರೆಯಲು ಮನಸ್ಸಿಲ್ಲ. ಎರಡು ತಿಂಗಳು ನೀರಲ್ಲಿ ಹೋಮ.

ರಾತ್ರಿ ಸೇರಿಸಿದ್ದು: ಇನ್ನೂ ಇಪ್ಪತ್ತನಾಲ್ಕು ದಿನ ಇದೆ. ನಾಳೆಯಿಂದ ಕಾರಿಗೆ ಕಾಲಿಡುವುದಿಲ್ಲ.

ಏಪ್ರಿಲ್ 2, ಗುರುವಾರ

ಬೆಳಿಗ್ಗೆ ಆರಕ್ಕೆ ಅಪ್ಪನ ಜೊತೆ ಮೈದಾನಕ್ಕೆ. ಅವರು ಒಂದು ಕಡೆ ಕೆಂಪು ಕೋನ್ ಇಟ್ಟು ರಿವರ್ಸ್ ಕಲಿಸುತ್ತಾರೆ. ಇನ್ನೊಂದು ಕಡೆ ನಾನು. ಎಂಟು ದಿನವಾಯಿತು. ಮೊದಲ ದಿನ ಬರೀ ನಡೆದೆ. ನಡೆಯುವುದೂ ಇಷ್ಟು ಕಷ್ಟವೇ? ಯಾರಾದರೂ ನೋಡುತ್ತಿದ್ದಾರೆ ಎಂದರೆ ಸಾಕು, ಯಾವ ಕಾಲು ಮೊದಲು ಎನ್ನುವುದೇ ಮರೆಯುತ್ತದೆ. ನೋಡುತ್ತಿದ್ದರು, ಎಲ್ಲರೂ. ಓಡಲು ಬಂದವರು, ನಾಯಿ ಕರೆತಂದವರು, ನಾಯಿ.

ಅಪ್ಪನ ಶಿಷ್ಯರಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದಾರೆ. ಸ್ಟೀರಿಂಗ್ ಹಿಡಿದರೆ ಗಡಗಡ. ಇವತ್ತು ಕಾರಿನಿಂದ ಇಳಿದು ನನ್ನ ಹತ್ತಿರ ಬಂದರು.

“ನಿಮಗೂ ಕೈ ನಡುಗತ್ತಾ?”

“ಕಾಲು, ಡಾಕ್ಟ್ರೇ.”

“ಹಾಗಾದ್ರೆ ಪರವಾಗಿಲ್ಲ. ನಾವಿಬ್ರೂ ಸೇರಿ ಒಬ್ರು ಪೂರ್ತಿ ಹೆದರಿದೋರು.”

ಅವರ ಮುಂದೆ ಮಾಡಿ ತೋರಿಸಿದೆ. ಕನ್ನಡಿ ನೋಡಲಿಲ್ಲ. ಒಂದು ಸಲ ಮಾತ್ರ ನೋಡಿದೆ.

ಏಪ್ರಿಲ್ 9, ಗುರುವಾರ

ಹಲ್ಲಿನ ಡಾಕ್ಟರಿಗೆ ಇವತ್ತು ಅಪ್ಪ ಶೂ ಬಿಚ್ಚಿದರು! ಆ ಡಾಕ್ಟರಿಗೆ! ಕೋನ್ ಪಕ್ಕ ನಿಂತು ನೋಡಿದೆ — ಅಪ್ಪ ಸೀಟಿನ ಮೇಲೆ ಕಾಲು ಮಡಚಿ ಆರಾಮಾಗಿ ಕೂತಿದ್ದಾರೆ, ಡಾಕ್ಟರು ಹಲ್ಲು ಕಚ್ಚಿಕೊಂಡು ಓಡಿಸುತ್ತಿದ್ದಾರೆ. ಹೊಟ್ಟೆ ಉರಿಯಿತು. ಸುಳ್ಳೇಕೆ.

ಸಂಜೆ ಆಫೀಸು ಖಾಲಿಯಾದ ಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿ ಪೂರ್ತಿ ಮಾಡಿ ತೋರಿಸಿದೆ. ಕೋಟೆಯ ಬಾಗಿಲ ಮುಂದೆ ರಾಣಿ ಮಾತು ನಿಲ್ಲಿಸಿ ಸುಮ್ಮನಾಗುವ ಜಾಗ ಇದೆ. ನಿಲ್ಲಿಸಿದೆ. ಟಪ್. ಅಪ್ಪನ ಕಾಲು ನೆಲ ಒತ್ತಿತು. ಮುಂದೆ ಹೋದೆ, ಮತ್ತೆ ನಿಲ್ಲಿಸಿದೆ. ಟಪ್.

“ಅಪ್ಪ, ಕಾಲು!”

“ಏನಾಯ್ತು?”

“ಒತ್ತಬೇಡಿ. ನಾನು ಮರ್ತಿಲ್ಲ. ಬೇಕೂಂತ ನಿಲ್ಸಿದ್ದು.”

“ನಾನೆಲ್ಲಿ ಒತ್ತಿದೆ?”

“ಯಾವಾಗ್ಲೂ ಒತ್ತುತ್ತೀರಿ. ನಾನು ಏನೇ ಮಾಡಿದ್ರೂ. ಡಾಕ್ಟ್ರಿಗೆ ಶೂ ಬಿಚ್ಚೋಕಾಗತ್ತೆ, ನನಗಾಗಲ್ಲ ಅಲ್ವಾ?”

ಅಮ್ಮ “ಸಾಕು ಬಿಡೇ” ಎಂದಳು. ಅಪ್ಪ ಎದ್ದು ಹೊರಗೆ ಹೋಗಿ ಕಾರು ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

ನಾನು ಅಷ್ಟು ಜೋರು ಮಾತಾಡಬಾರದಿತ್ತು.

ಏಪ್ರಿಲ್ 17, ಶುಕ್ರವಾರ. ರಾತ್ರಿ 9

ಎಂಟು ದಿನದಿಂದ ಅಪ್ಪನದು ಕೆಲಸಕ್ಕೆ ಬೇಕಾದಷ್ಟೇ ಮಾತು. ಆದರೆ ದಿನಾ ಬೆಳಿಗ್ಗೆ ಐದೂವರೆಗೆ ನನ್ನ ಕೋಣೆಯ ಲೈಟ್ ಹಾಕಿ ಹೋಗುತ್ತಾರೆ. ಮೈದಾನದಲ್ಲಿ ನನ್ನ ಕಡೆ ಬೆನ್ನು ಹಾಕಿ ಕೂರುತ್ತಾರೆ.

ನಾಳೆ. ಅಮ್ಮ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಮಾಡೇ ಮಾಡುತ್ತೇನೆ.

ಏಪ್ರಿಲ್ 19, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಬಂದವಳೇ ಮಲಗಿಬಿಟ್ಟೆ.

ಬಸ್ಸಿನಲ್ಲಿ ಮೂರು ಗಂಟೆ, ಅಮ್ಮನ ಜೊತೆ. ಕಾಲೇಜಿನ ಕಾರಿಡಾರಿನಲ್ಲಿ ಅರವತ್ತು ಜನ. ಒಬ್ಬ ಕೈ ಮೇಲೆ ನಿಂತಿದ್ದ. ಒಬ್ಬಳು ಹದಿನೇಳು ನಾಟಕ ಮಾಡಿದ್ದಾಳಂತೆ. ನನ್ನ ದ್ವಾರಪಾಲಕ ಜೇಬಿನಲ್ಲೇ ಮುದುಡಿ ಕೂತ.

ನಲವತ್ತೊಂದನೆಯವಳು ನಾನು. ದೊಡ್ಡ ಕೋಣೆ, ಮರದ ನೆಲ, ಮೂವರು ಮೇಷ್ಟ್ರು. ನಡೆದುಕೊಂಡು ಹೋಗಿ ನಿಂತೆ. ರಾಣಿ ಬಂದಳು. ಕಾಲೂ ಬಂತು. ತಪ್ಪಲಿಲ್ಲ, ಕನ್ನಡಿ ನೋಡಲಿಲ್ಲ. ಆದರೆ ಮೂವರ ಮುಖದಲ್ಲೂ ಏನೂ ಇಲ್ಲ. ನಲವತ್ತೊಂದನೇ ರಾಣಿಯನ್ನು ನೋಡಿದ ಮುಖ.

ನಡುವಿನ ಮೇಷ್ಟ್ರು ಅರ್ಜಿ ನೋಡಿದರು. “ಒಂದೇ ಗೆರೆ ಬರ್ದಿದೀರಲ್ಲ?”

“ಒಂದೇ ಸಾರ್, ಮಾಡಿದ್ದು.”

“ಸರಿ. ನಿಮ್ಮ ಮನೇಲಿ ನೀವು ದಿನಾ ನೋಡೋ ಯಾರನ್ನಾದ್ರೂ ಮಾಡಿ ತೋರ್ಸಿ. ಮಾತು ಬೇಡ.”

ಯೋಚಿಸಲಿಲ್ಲ. ಕುರ್ಚಿ ಎಳೆದು ಕೂತೆ. ಬೆಲ್ಟ್ ಹಾಕಿದೆ. ಕೈ ತೊಡೆಯ ಮೇಲೆ. ಮುಖದಲ್ಲಿ ಏನೂ ಇಲ್ಲ, ಒಂದು ಕಾಲು ಮಾತ್ರ ಎಚ್ಚರ. ಪಕ್ಕದಲ್ಲಿ ಓಡಿಸುವವರ ಕಡೆ ನೋಡದ ಹಾಗೆ ನೋಡಿದೆ. ಟಪ್. ಮೇಷ್ಟ್ರು ನಕ್ಕರು. ಟಪ್, ಟಪ್. ಮೂವರೂ ನಕ್ಕರು.

ಆಮೇಲೆ ಏನೋ ಆಯಿತು. ಪಕ್ಕದ ಸೀಟಿನಲ್ಲಿ ಓಡಿಸುತ್ತಿರುವುದು ನಾನೇ ಎಂದುಕೊಂಡೆ. ಅಪ್ಪನ ಕಡೆಯಿಂದ ನನ್ನನ್ನು ನೋಡಿದೆ. ಎಷ್ಟು ಚಿಕ್ಕವಳು! ಎದುರಿನಿಂದ ಎಂಥೆಂಥ ಲಾರಿ ಬರುತ್ತಿವೆ! ಒಳಗೆ ಧಸಕ್ಕೆಂದಿತು. ಅಪ್ಪನಿಗೆ ದಿನಾ ಹೀಗೆಯೇ ಆಗುತ್ತದಾ? ಬಗ್ಗಿ ಶೂ ದಾರಕ್ಕೆ ಕೈ ಹಾಕಿದೆ. ಬಿಚ್ಚೋಣ ಎಂದುಕೊಂಡೆ. ಕೈ ಬರಲಿಲ್ಲ. ದಾರ ಹಿಡಿದುಕೊಂಡೇ ಕೂತಿದ್ದೆ. ಯಾರೂ ನಗುತ್ತಿರಲಿಲ್ಲ.

“ಸಾಕು” ಎಂದರು ಮೇಷ್ಟ್ರು, ಮೆಲ್ಲಗೆ.

ಮನೆಗೆ ಬಂದಾಗ ಅಪ್ಪ “ಹೇಗಾಯ್ತು?” ಎಂದರು. “ಆಯ್ತು” ಎಂದೆ. ಏನು ಮಾಡಿದೆ ಎಂದು ಹೇಳಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆ.

ಮೇ 6, ಬುಧವಾರ. ಬೆಳಿಗ್ಗೆ 11:20

ಕಾಲೇಜಿನ ಗೇಟಿನ ಪಕ್ಕ, ಬೆಂಚಿನ ಮೇಲೆ. ಅಪ್ಪ ಇವತ್ತಿನ ಕ್ಲಾಸೆಲ್ಲ ಬಿಟ್ಟು ತಾವೇ ಕಾರಿನಲ್ಲಿ ಕರೆತಂದರು. ಹನ್ನೊಂದಕ್ಕೆ ಬೋರ್ಡಿಗೆ ಲಿಸ್ಟ್ ಅಂಟಿಸಿದರು.

ಹದಿನಾರು ಹೆಸರು. ಮೂರು ಸಲ ಓದಿದೆ. ನನ್ನದಿಲ್ಲ.

ಕೆಳಗೆ ಇನ್ನೊಂದು ಚಿಕ್ಕ ಹಾಳೆ. ವೇಟಿಂಗ್ ಲಿಸ್ಟ್. ಎರಡನೆಯ ಹೆಸರು ನನ್ನದು. ಆಫೀಸಿನ ಕಿಟಕಿಯಲ್ಲಿ ವಿಚಾರಿಸಿದೆ — ಯಾರಾದರೂ ಬಿಟ್ಟರೆ ಮೇ ಮೂವತ್ತಕ್ಕೆ ಕರೆಯುತ್ತಾರೆ. ಬಿಡದಿದ್ದರೆ ಮುಂದಿನ ವರ್ಷ ಮತ್ತೆ ಆಡಿಶನ್.

ಕಾಮರ್ಸ್ ಚೀಟಿ ಅಪ್ಪನ ಜೇಬಿನಲ್ಲಿದೆ. ಕೊನೆಯ ದಿನ ನಾಡಿದ್ದು. ಒಂದೇ ಸಲ ಎಂದಿದ್ದರು.

ಅಪ್ಪ ಇನ್ನೂ ಬೋರ್ಡಿನ ಮುಂದೆಯೇ ನಿಂತಿದ್ದಾರೆ. ನನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು.

11:50. ಕಾರಿನಲ್ಲಿ

ಹೇಳಿಬಿಟ್ಟೆ. ನಿಂತುಕೊಂಡೇ ಹೇಳಿದೆ, ಎರಡೂ ಕಾಲ ಮೇಲೆ.

“ಅಪ್ಪ, ನಾನು ಕಾಯ್ತೀನಿ. ಚೀಟಿ ಕೊಡೋದ್ ಬೇಡ. ಈ ಸಲ ಆಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಬರ್ತೀನಿ. ಅಲ್ಲೀವರೆಗೆ ಆಫೀಸಲ್ಲಿ ಕೂರ್ತೀನಿ, ಕ್ಲಾಸ್ ತಗೋತೀನಿ, ಏನ್ ಹೇಳಿದ್ರೂ ಮಾಡ್ತೀನಿ. ಇದೊಂದು ಬಿಡಲ್ಲ.”

ನೆಲ ನೋಡುತ್ತಾ ನಿಂತರು. ಅವರ ಕಾಲನ್ನೇ ನೋಡುತ್ತಿದ್ದೆ. ಒತ್ತುತ್ತಾರೆ, ಈಗ ಒತ್ತುತ್ತಾರೆ...

“ಕಾಮರ್ಸಿಗೆ ಹೋದ್ರೆ ಇವತ್ತೇ ನಿಶ್ಚಿಂತೆ ಪುಟ್ಟಿ.”

“ಗೊತ್ತು ಅಪ್ಪ.”

“ಸರಿ. ಗಾಡಿ ತೆಗಿ. ನೀನೇ ಓಡ್ಸು, ಮನೆವರೆಗೆ.”

ಅಷ್ಟೇ. ಬೈಯಲಿಲ್ಲ, ಹೂಂ ಎನ್ನಲಿಲ್ಲ. ಸೀಟು ಮುಂದಕ್ಕೆಳೆದುಕೊಂಡೆ. ಬೆಲ್ಟ್ ಹಾಕಿದೆ. ಕನ್ನಡಿ ಸರಿ ಮಾಡಿದೆ. ಅಪ್ಪ ಪಕ್ಕದಲ್ಲಿ ಕೂತು ಬಗ್ಗಿದ್ದಾರೆ. ಏನೋ ಬಿತ್ತೆಂದುಕೊಂಡು “ಏನ್ ಹುಡುಕ್ತಿದೀರಿ?” ಎಂದೆ. ಅವರು ಏಳುವವರೆಗೆ ಬರೆಯೋಣ ಎಂದು ಬರೆಯುತ್ತಿದ್ದೇನೆ.

ಹುಡುಕುತ್ತಿಲ್ಲ. ಒಂದು ಶೂ ಆಗಲೇ ಕೆಳಗಿದೆ. ಇನ್ನೊಂದರ ದಾರ ಗಂಟು ಬಿದ್ದಿದೆ, ಉಗುರಿನಲ್ಲಿ ಬಿಡಿಸುತ್ತಿದ್ದಾರೆ, ಬರುತ್ತಿಲ್ಲ, ನಾನು ಬಿಡಿಸಲಾ ಎಂದರೆ ತಲೆ ಅಲ್ಲಾಡಿಸಿದರು — ಬಂತು — ಕಾಲು ಮೇಲೆ